ಕುಂಟೆಯ ಅಲಗು, ಹಿಮದ ಅಲಗು



ಸುರಪುರ ತಾಲ್ಲೂಕಿನ ಬೋನಾಳದಲ್ಲಿ ಹಿಮ ಬೀಳುವುದಿಲ್ಲವೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬೇಸಿಗೆಯಲ್ಲಿ ಎರೆ ಹೊಲ ಕೈ ತೂರುವಷ್ಟು ಬಿರಿಯುವ ನಾಡು ನಮ್ಮದು. ಹಾಗಿದ್ದೂ ಇಂದು ಹಿಮ ತಳ್ಳುವ ಅಲಗಿನ ಮಾತು ತೆಗೆಯುವುದಕ್ಕೆ ಕಾರಣವುಂಟು. ಅಮೇರಿಕಾ, ಕೆನಡಾ ಮುಂತಾದ ಶೀತದೇಶಗಳಲ್ಲಿ ಸಣ್ಣ ಟ್ರ್ಯಾಕ್ಟರ್ ಇಟ್ಟುಕೊಂಡವನು ಚಳಿಗಾಲದಲ್ಲಿ ನೇಗಿಲನ್ನು ಬಿಚ್ಚಿ, ಅದರ ಜಾಗದಲ್ಲಿ ಒಂದು ಅಲಗನ್ನು ಕಟ್ಟಿ, ಮನೆಯ ಮುಂದಿನ ಗಾಡಿದಾರಿಯ ಹಿಮವನ್ನು ಬದಿಗೆ ಸರಿಸುತ್ತಾನೆ. ಅಂಥದೇ ಅಲಗನ್ನು ನಾವು ಹೊಲ ಮಟ್ಟ ಮಾಡುವುದಕ್ಕೆ ಕಟ್ಟುತ್ತೇವೆ. ಎರಡೂ ಕಡೆ ತೊಡಕು ಒಂದೇ: ಮೇಲಿನದು ಹೋಗಬೇಕು, ಕೆಳಗಿನದು ಉಳಿಯಬೇಕು. ಈ ತೊಡಕನ್ನು ಯಾರು ಯಾರು ಹೇಗೆ ಬಿಡಿಸಿಕೊಂಡರೆಂಬ ಚರಿತ್ರೆ ಕೇಳತಕ್ಕದ್ದಾಗಿದೆ.

ಮೊದಲು ನಮ್ಮ ಕುಂಟೆಯನ್ನೇ ನೋಡೋಣ. ಒಂದು ದಿಂಡು, ಎರಡು ಗೂಟ, ಅವುಗಳ ನಡುವೆ ಅಡ್ಡಲಾಗಿ ಒಂದು ಕಬ್ಬಿಣದ ಅಲಗು, ಇಷ್ಟೇ ಅದರ ಮೈ. ನೇಗಿಲು ಮಣ್ಣನ್ನು ಸೀಳುತ್ತದೆ. ಕುಂಟೆಯಾದರೋ ಎರಡು ಮೂರು ಬೆರಳಿನ ಆಳದಲ್ಲಿ ಹೆರೆದುಕೊಂಡು ಹೋಗುತ್ತದೆ, ಕಸದ ಬೇರು ಕೊಯ್ಯುತ್ತದೆ, ಬಿರುಕು ಮುಚ್ಚುತ್ತದೆ, ತೇವ ಹಿಡಿದಿಡುತ್ತದೆ. ಆಳ ಹೆಚ್ಚು ಬೇಕಾದರೆ ದಿಂಡಿನ ಮೇಲೆ ಕಲ್ಲು ಹೇರು, ಇಲ್ಲವೆ ಹುಡುಗನನ್ನು ಕೂಡಿಸು. ಕಡಿಮೆ ಸಾಕಾದರೆ ಇಳಿಸು. ಎತ್ತು, ಹಗ್ಗ, ನೊಗ, ಹೊಡೆಯುವವನ ಕಾಲು, ಇವೆಲ್ಲ ಸೇರಿ ಆಳವನ್ನು ಕಾಯುತ್ತಿದ್ದವು. 1800-1801ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಒಕ್ಕಲಿಗರ ಉಪಕರಣಗಳನ್ನು ಗಮನವಿಟ್ಟು ಬರೆದುಕೊಂಡ. ಇಂಗ್ಲೆಂಡಿನಿಂದ ಬಂದ ರಸಾಯನ ಪಂಡಿತ ವೋಲ್ಕರ್ 1893ರಲ್ಲಿ ಪ್ರಕಟವಾದ ತನ್ನ ವರದಿಯಲ್ಲಿ, ಈ ದೇಶದ ಒಕ್ಕಲಿಗ ದಡ್ಡನಲ್ಲ, ಅವನ ಸಲಕರಣೆ ಅವನ ನೆಲಕ್ಕೆ ಒಗ್ಗಿದ್ದೆಂಬ ಅಭಿಪ್ರಾಯ ಕೊಟ್ಟ. ಸಲಕರಣೆ ಮಾರಲು ಬಂದವರು ಈ ಮಾತನ್ನು ಬೇಗ ಮರೆತರು!

ಬೋನಾಳದಲ್ಲಿ ಮಣ್ಣು ಸರಿಸುವ ಕೆಲಸ ಹೊಸದೇನೂ ಅಲ್ಲ. ಈಗ ಪಕ್ಷಿಧಾಮವಾಗಿರುವ ಅಲ್ಲಿನ ಕೆರೆ ಸುರಪುರದ ನಾಯಕ ಅರಸರ ಕಾಲದ್ದೆಂದು ಹೇಳಿಕೆ. ಆಮೇಲೆ ಮೆಡೋಸ್ ಟೇಲರ್ ಸಾಹೇಬನು, ರಾಜಾ ವೆಂಕಟಪ್ಪ ನಾಯಕ ಇನ್ನೂ ಬಾಲಕನಾಗಿದ್ದಾಗ, 1853ರವರೆಗೆ ಸುರಪುರದ ಆಡಳಿತ ನೋಡಿದ. ಆ ವರ್ಷಗಳಲ್ಲಿ ಈ ಸೀಮೆಯ ಕೆರೆಗಳ ಕೆಲಸ ಜೋರಾಗಿ ನಡೆಯಿತು. ಆಗ ಯಾವ ಯಂತ್ರವಿತ್ತು? ಗುದ್ದಲಿ, ಸಲಿಕೆ, ಬುಟ್ಟಿ, ಕತ್ತೆ, ತಲೆಹೊರೆ. ಒಡ್ಡರ ಬೆವರಿನಿಂದ ಏರಿ ಎದ್ದಿತು. ಏರಿಯ ಮಣ್ಣಿಗೆ ಲೆಕ್ಕ ಬರೆದಿಟ್ಟವರುಂಟು, ಬೆವರಿಗೆ ಬರೆದವರಿಲ್ಲ. 1858ರ ಬಂಡಾಯದ ತರುವಾಯ, 1860ರಲ್ಲಿ ಸುರಪುರ ನಿಜಾಮನಿಗೆ ಸೇರಿತು. 1956ರ ನವೆಂಬರ್ ಒಂದಕ್ಕೆ ಮೈಸೂರು ರಾಜ್ಯಕ್ಕೆ ಬಂತು. ಈ ನಡುವೆ ಅರಸು ಬದಲಾದರೂ ಕುಂಟಿ ಬದಲಾಗಲಿಲ್ಲ.

ಕಬ್ಬಿಣ ಬಂದದ್ದು ಬೆಳಗಾವಿ ಕಡೆಯಿಂದ. ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರರು 1903ರಲ್ಲಿ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಗಲಿದರೆ ಭೂಮಿ ವಿಷವಾಗುತ್ತದೆಂದು ಜನ ಹೆದರಿದರು. ಮೊದಲ ನೇಗಿಲು ಮಾರುವುದಕ್ಕೆ ಎರಡು ವರ್ಷ ಹಿಡಿಯಿತಂತೆ. ಇದನ್ನು ಮೂಢನಂಬಿಕೆಯೆಂದು ನಗುವುದು ಸುಲಭ. ನನಗೆ ಮಾತ್ರ ಆ ಹೆದರಿಕೆಯಲ್ಲಿ ಒಂದು ತಿರುಳು ಕಾಣುತ್ತದೆ. ಆಳಕ್ಕಿಳಿಯುವ ಉಪಕರಣ ಕೆಳಗಿನ ಹಸಿ ಮಣ್ಣನ್ನು ಮೇಲಕ್ಕೆ ತರುತ್ತದೆ, ಅದು ಕೆಲವು ವರ್ಷ ಪೈರಿಗೆ ಒಗ್ಗುವುದಿಲ್ಲ. ಕಬ್ಬಿಣದಲ್ಲಿ ವಿಷವಿರಲಿಲ್ಲ, ಆಳದ ಭಯ ಮಾತ್ರ ಪೂರಾ ಸುಳ್ಳಲ್ಲ.

ಟ್ರ್ಯಾಕ್ಟರಿನ ಕಥೆಗೆ ಬರೋಣ. 1949ರಲ್ಲಿ ಭಾರತ ಸರ್ಕಾರ ವಿಶ್ವಬ್ಯಾಂಕಿನಿಂದ ಒಂದು ಕೋಟಿ ಡಾಲರ್ ಸಾಲ ತಂದು, ಕಾಸ್ ಹುಲ್ಲು ಹಬ್ಬಿದ ನೆಲ ಒಡೆಯುವುದಕ್ಕೆ ದೊಡ್ಡ ಟ್ರ್ಯಾಕ್ಟರುಗಳನ್ನು ಕೊಂಡಿತು. ಅವು ಸಾಮಾನ್ಯ ಒಕ್ಕಲಿಗನ ಅಂಗಳಕ್ಕೆ ಬರುವಂಥವಲ್ಲ. ಸಣ್ಣ ಟ್ರ್ಯಾಕ್ಟರಿಗೆ ಜೀವ ಕೊಟ್ಟವನು ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್. ಅವನಿಗಿಂತ ಮುಂಚೆ ನೇಗಿಲನ್ನು ಹಿಂದೆ ಸರಪಳಿಯಿಂದ ಎಳೆಯುತ್ತಿದ್ದರು. ನೇಗಿಲು ಕಲ್ಲಿಗೆ ಸಿಕ್ಕಿದರೆ ಟ್ರ್ಯಾಕ್ಟರ್ ಮುಂಗಾಲೆತ್ತಿ ಹಿಂದಕ್ಕೆ ಮಗುಚಿ, ನಡೆಸುವವನನ್ನೇ ಕೊಲ್ಲುತ್ತಿತ್ತು. ಫರ್ಗ್ಯುಸನ್ ಮೂರು ಕೊಂಡಿಗಳಿಂದ ಉಪಕರಣವನ್ನು ಟ್ರ್ಯಾಕ್ಟರಿನ ಮೈಗೇ ಜೋಡಿಸಿ, ಎಣ್ಣೆಯ ಒತ್ತಡದಿಂದ ಎತ್ತುವ ಇಳಿಸುವ ಏರ್ಪಾಡು ಮಾಡಿದ. ಎಳೆತ ಹೆಚ್ಚಾದರೆ ಉಪಕರಣ ತಾನಾಗಿ ಮೇಲೇಳುತ್ತದೆ. ಕುಂಟೆಯ ಮೇಲಿನ ಕಲ್ಲನ್ನು ಇಳಿಸುತ್ತಿದ್ದ ಕೈಯ ಕೆಲಸವೇ ಇದು ಎಂದರೂ ನಡೆದೀತು. 1946ರಿಂದ ಬಂದ ಅವನ ಸಣ್ಣ ಟ್ರ್ಯಾಕ್ಟರನ್ನು ಗಾಲಿಗಳ ಮೇಲೆ ಪಟ್ಟಿ ಸುತ್ತಿ ಮಾರ್ಪಡಿಸಿಕೊಂಡು, ಎವರೆಸ್ಟ್ ಏರಿದ ಹಿಲರಿ 1958ರ ಜನವರಿ 4ರಂದು ದಕ್ಷಿಣ ಧ್ರುವವನ್ನೇ ಮುಟ್ಟಿದ. ಉಳುವ ಗಾಡಿ ಹಿಮದ ಮೇಲೆ ಅಷ್ಟು ದೂರ ಹೋಯಿತು ನೋಡಿ!

ಇನ್ನು ತಳ್ಳುವ ಅಲಗು. 1862ರಲ್ಲಿ ಅಮೇರಿಕಾದ ಮಿಲ್ವಾಕಿ ಊರಿನಲ್ಲಿ ಕುದುರೆಗಾಡಿಗೆ ಹಲಗೆ ಕಟ್ಟಿ ಬೀದಿಯ ಹಿಮ ಸರಿಸಿದರೆಂದು ಹೇಳುತ್ತಾರೆ. 1923ರಲ್ಲಿ ಕ್ಯಾನ್ಸಸ್ ಪ್ರಾಂತದ ಒಬ್ಬ ರೈತ, ಒಬ್ಬ ನಕ್ಷೆಗಾರ, ಕಮಿಂಗ್ಸ್ ಮತ್ತು ಮ್ಯಾಕ್ಲಿಯಾಡ್ ಎಂಬಿಬ್ಬರು, ಎಣ್ಣೆಯ ಕೊಳವೆ ಹೂಳಿದ ಕಾಲುವೆ ಮುಚ್ಚುವುದಕ್ಕೆಂದು ಗುಜರಿ ಸಾಮಾನು ಕೂಡಿಸಿ ಟ್ರ್ಯಾಕ್ಟರಿನ ಮುಂದೆ ಅಲಗು ಕಟ್ಟಿದರು. ಬುಲ್ಡೋಜರಿನ ಮೂಲ ಅದು. ನಮ್ಮ ನಾಡಿನಲ್ಲೇ, 1964ರಲ್ಲಿ ಸ್ಥಾಪನೆಯಾದ ಬೆಮೆಲ್ ಕಾರ್ಖಾನೆಯ ಬುಲ್ಡೋಜರುಗಳು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ತಯಾರಾಗಿ, ಹಿಮಾಲಯದ ದಾರಿಗಳವರೆಗೂ ಹೋದವು.

ನೇಗಿಲನ್ನೇ ತಿರುಚಿ ಇಂಥ ಅಲಗು ಮಾಡಬಹುದೇ ಎಂದು ಕೇಳುವವರುಂಟು. ನೇಗಿಲಿನ ಕುಳಕ್ಕೆ ಕೆಳಗೆ ಇಳಿಯುವ ಸ್ವಭಾವ, ಅದರ ಮೊನೆಯನ್ನು ಹಾಗೆಯೇ ಬಾಗಿಸಿರುತ್ತಾರೆ. ತಳ್ಳುವ ಅಲಗಿಗೆ ಆ ಮೊನೆ ಇರಬಾರದು. ಅಂಚು ನೇರ, ಮೈ ಒಳಬಾಗಿ ಮುಂದಿನದು ಉರುಳಿಕೊಂಡು ಹೋಗುವಂತಿರಬೇಕು. ದಾರಿಗೆ ಅಡ್ಡವಾಗಿ ಸ್ವಲ್ಪ ಓರೆ ಕಟ್ಟಿದರೆ ರಾಶಿ ಬದಿಗೆ ಜಾರುತ್ತದೆ. ಎಲ್ಲಕ್ಕಿಂತ ಮುಖ್ಯ, ಎರಡು ತುದಿಯಲ್ಲೂ ಜಾರುವ ಪಾದಗಳು ಬೇಕು. ಹಿಮದವರು ಪಾದವನ್ನು ಒಂದು ಅಂಗುಲ ತಗ್ಗಿಸಿ ಕಟ್ಟಿ, ಅಲಗು ನೆಲಕ್ಕೆ ತಾಗದಂತೆ ನೋಡುತ್ತಾರೆ. ಇಲ್ಲದಿದ್ದರೆ ಹಿಮದ ಜತೆ ದಾರಿಯ ಜಲ್ಲಿಯೂ ಗಟಾರಕ್ಕೆ! ಮತ್ತೊಂದು ಮಾತು. ಹೊಸದಾಗಿ ಬಿದ್ದ ಹಿಮ ಒಂದು ಘನ ಮೀಟರಿಗೆ 100 ಕಿಲೋ ಆಸುಪಾಸು ತೂಗಿದರೆ, ಮಣ್ಣು 1,300 ಕಿಲೋಗೂ ಮೇಲೆ ತೂಗುತ್ತದೆ. ಆ ದೇಶದ ಚಿತ್ರ ನೋಡಿ ಇಪ್ಪತ್ತು ಕುದುರೆ ಶಕ್ತಿಯ ಗಾಡಿಗೆ ಉದ್ದನೆಯ ಅಲಗು ಕಟ್ಟಿದರೆ ಕ್ಲಚ್ಚು ಸುಟ್ಟೀತೇ ಹೊರತು ಹೊಲ ಮಟ್ಟವಾಗಲಾರದು.

ನಮ್ಮ ಸೀಮೆಗೆ ಈ ಅಲಗು ನಿಜವಾಗಿ ಬೇಕಾದದ್ದು ನೀರು ಬಂದ ಮೇಲೆ. 1964ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಇಟ್ಟರು. ನಾರಾಯಣಪುರದ ಅಣೆಕಟ್ಟು 1982ರಲ್ಲಿ ಮುಗಿಯಿತು. ಎಡದಂಡೆ ಕಾಲುವೆ ಸುರಪುರ, ಶಹಾಪುರಗಳ ಎರೆ ನೆಲಕ್ಕೆ ನೀರು ತಂದಿತು. ಜೋಳ ತೊಗರಿಗೆ ಇಳಿಜಾರು ಇದ್ದರೂ ಬಾಧೆಯಿಲ್ಲ. ಭತ್ತಕ್ಕೆ ಮಡಿ ಮಟ್ಟವಿರಲೇಬೇಕು. ಯಂತ್ರದವರನ್ನು ಗಂಟೆಯ ಬಾಡಿಗೆಗೆ ಕರೆಸಿದರೆ ಅವರಿಗೆ ಗಂಟೆಯ ಅವಸರ, ಒಕ್ಕಲಿಗನಿಗೆ ಸಾಲದ ಅವಸರ. ಹೀಗೆ ಅವಸರ ಬಿದ್ದ ಕಡೆ ದಿಬ್ಬದ ಕಪ್ಪು ಮಣ್ಣೆಲ್ಲ ತಗ್ಗಿಗೆ ಹೋಗಿ, ದಿಬ್ಬದಲ್ಲಿ ಸುಣ್ಣಕಲ್ಲಿನ ಬಿಳಿ ಗರಸು ಬಾಯಿಬಿಡುತ್ತದೆ. ಅಂಥ ತುಂಡಿನಲ್ಲಿ ಪೈರು ಹಳದಿಯಾಗಿಯೇ ನಿಲ್ಲುತ್ತದೆ. ಒಂದೇ ಮಡಿಯಲ್ಲಿ ಎರಡು ಬಣ್ಣ. ಗೇಣಿಗೆ ಮಾಡಿದವನಾದರೆ ಬೆಳೆಯೂ ಇಲ್ಲ, ಮುಂದಿನ ವರ್ಷ ಹೊಲವೂ ಇಲ್ಲ.

ಇದಕ್ಕೆ ಉಪಾಯ ಹಳೆಯದೇ. ಮೇಲಿನ ಗೇಣುದ್ದ ಮಣ್ಣನ್ನು ಮೊದಲು ಒಂದು ಬದಿಗೆ ರಾಶಿ ಹಾಕಿಸಿ, ಕೆಳಗಿನದನ್ನು ಮಟ್ಟ ಮಾಡಿಸಿ, ಆಮೇಲೆ ರಾಶಿಯನ್ನು ಹಿಂದಕ್ಕೆ ಹರಡಿಸುವುದು. ಖರ್ಚು ಹೆಚ್ಚೆಂದು ಬಿಡುವವರೇ ಬಹಳ. ದಿಬ್ಬ ದೊಡ್ಡದಿದ್ದರೆ ಒಂದೇ ಮಡಿ ಮಾಡುವ ಹಟ ಬಿಟ್ಟು, ನಡುವೆ ಒಡ್ಡು ಹಾಕಿ ಮೆಟ್ಟಿಲು ಮೆಟ್ಟಿಲಾಗಿ ಮಾಡಿಕೊಂಡರೆ ಕಡಿಯುವ ಮಣ್ಣೇ ಕಡಿಮೆಯಾಗುತ್ತದೆ. ಕೆರೆಯ ಹೂಳು ಸಿಕ್ಕುವ ಕಡೆ ಬಿಳಿ ತುಂಡಿಗೆ ಅದನ್ನು ಹೊಡೆಸಿ, ಸಗಣಿಗೊಬ್ಬರ ಕೊಟ್ಟು, ಒಂದೆರಡು ಸಲ ಹಸಿರೆಲೆ ಗೊಬ್ಬರದ ಬೆಳೆ ಮಗುಚಿದರೆ ಚೇತರಿಕೆಯುಂಟು.

ಈಗ ಲೇಸರ್ ಕಿರಣ ನೋಡಿ ಅಲಗನ್ನು ತಾನೇ ಏರಿಳಿಸುವ ಯಂತ್ರ ಬಂದಿದೆ. ಹೊಲದ ಅಂಚಿನಲ್ಲಿ ಮೂರುಕಾಲಿನ ಮೇಲೆ ದೀಪ ತಿರುಗುತ್ತಿರುತ್ತದೆ, ಟ್ರ್ಯಾಕ್ಟರಿನ ಹಿಂದಿನ ಅಲಗು ಅದರ ಹೇಳಿಕೆಯಂತೆ ನಡೆಯುತ್ತದೆ. ಮಟ್ಟ ಎಲ್ಲಿದೆಯೆಂದು ಅದಕ್ಕೆ ಗೊತ್ತು. ಕಪ್ಪು ಮಣ್ಣು ಎಷ್ಟು ಆಳಕ್ಕಿದೆಯೆಂದು ಗೊತ್ತಿಲ್ಲ. ಆದ್ದರಿಂದ ಬಾಡಿಗೆಗೆ ಕರೆಸುವ ಮುಂಚೆ ದಿಬ್ಬದಲ್ಲಿ ಎರಡು, ತಗ್ಗಿನಲ್ಲಿ ಒಂದು ಮೊಳದ ಕುಣಿ ತೋಡಿ ನೋಡಿಕೊಳ್ಳಿರಿ. ಬಿಳಿ ಗರಸು ಎಷ್ಟು ಗೇಣಿಗೆ ಸಿಕ್ಕಿತೆಂಬುದನ್ನು ಕೋಲಿನ ಮೇಲೆ ಗುರುತು ಹಾಕಿ, ಆ ಕೋಲನ್ನು ಡ್ರೈವರಿಗೆ ತೋರಿಸಿರಿ.