ಲಿವರ್‌ಪೂಲಿನ ಶಿಕ್ಷಿತ ದಾದಿಯರು

ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಹೇಳಿದ ಚರಕಸಂಹಿತೆಯು ಪರಿಚಾರಕನಿಗೆ ಅನುರಾಗದೊಡನೆ ಉಪಚಾರದ ಜ್ಞಾನವನ್ನೂ ವಿಧಿಸಿದೆ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡು ಈ ತತ್ತ್ವವನ್ನು ಬಹು ಕಷ್ಟದಿಂದ ಕಲಿಯಬೇಕಾಯಿತು.

ಲಿವರ್‌ಪೂಲ್ ನಗರದ ನಿರ್ಗತಿಕರಿಗಾಗಿ ಬ್ರೌನ್‌ಲೋ ಹಿಲ್ ಎಂಬಲ್ಲಿ ದರಿದ್ರಾಶ್ರಮವೊಂದಿದ್ದಿತು. ಅಲ್ಲಿಯ ರೋಗಿಗಳ ಶುಶ್ರೂಷೆಯು ಆಶ್ರಮವಾಸಿಗಳಾದ ಅಶಿಕ್ಷಿತ ಸ್ತ್ರೀಯರ ಪಾಲಿಗೆ ಬಿದ್ದಿದ್ದಿತು. ಇದನ್ನರಿತು ಮರುಗಿದ ವಿಲಿಯಂ ರಾತ್‌ಬೋನ್ ಎಂಬ ವರ್ತಕನು ಶಿಕ್ಷಿತ ದಾದಿಯರನ್ನಿರಿಸುವ ವೆಚ್ಚವನ್ನು ತಾನೇ ವಹಿಸಿಕೊಂಡನು. ಫ್ಲಾರೆನ್ಸ್ ನೈಟಿಂಗೇಲರ ಹೆಸರಿನಲ್ಲಿ 1860ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಶುಶ್ರೂಷಾಶಾಲೆಯಿಂದ 12 ಮಂದಿ ದಾದಿಯರು 1865ರಲ್ಲಿ ಅಲ್ಲಿಗೆ ಬಂದರು. ಅದೇ ಶಾಲೆಯಲ್ಲಿ ಕಲಿತ ಆಗ್ನೆಸ್ ಜೋನ್ಸ್ ಎಂಬಾಕೆ ಅವರ ಮೇಲ್ವಿಚಾರಕಿಯಾದಳು.

ರೋಗಿಗಳೋ ಸಾವಿರಕ್ಕೂ ಮಿಗಿಲು. ಆಶ್ರಮದ ಸ್ತ್ರೀಯರಿಗೇ ಈ ವಿದ್ಯೆಯನ್ನು ಕಲಿಸಲು ಆಕೆ ಮಾಡಿದ ಯತ್ನವು ಫಲಿಸಲಿಲ್ಲ. ಹಲವರು ಕುಡಿತದ ಚಟವನ್ನು ಬಿಡಲಾರದೆ ಹೋದರು. ಆದರೂ ಆಕೆ ಎದೆಗುಂದದೆ ದುಡಿದಳು. ಮೂರು ವರ್ಷಗಳು ತುಂಬುವ ಮೊದಲೇ, 1868ರ ಫೆಬ್ರುವರಿ 19ರಂದು, ಟೈಫಸ್ ಜ್ವರವು ಆಕೆಯನ್ನು ಬಲಿಗೊಂಡಿತು. ಆಗ ಆಕೆಗೆ 35 ವರ್ಷ.

ಆಕೆಯೊಡನೆ ಕಾರ್ಯವು ಅಳಿಯಲಿಲ್ಲ. ವರ್ತಕನ ಹಣದಿಂದ ನಡೆಯುತ್ತಿದ್ದುದನ್ನು ಮುಂದೆ ಆಶ್ರಮದ ಆಡಳಿತದವರೇ ವಹಿಸಿಕೊಂಡರು. ಬಡವನ ಹಾಸಿಗೆಯ ಬಳಿಯಲ್ಲಿಯೂ ಕಲಿತ ಕೈಯೊಂದಿರಬೇಕೆಂಬುದು ಅಲ್ಲಿ ದಾನವಾಗಿ ಮೊದಲಾಗಿ ಕರ್ತವ್ಯವಾಗಿ ನೆಲೆಗೊಂಡಿತು.