ಮಂಜುನಾಥನೆಂಬ ಹೆಸರು

ಧರ್ಮಸ್ಥಳಕ್ಕೆ ಹರಕೆ ಹೊತ್ತು ಪಡೆದ ಗಂಡುಮಗುವಿಗೆ ಮಂಜುನಾಥ, ಮಂಜಯ್ಯ, ಮಂಜಪ್ಪ ಎಂದು ಹೆಸರಿಡುವುದು ಕನ್ನಡ ನಾಡಿನ ಹಳೆಯ ರೂಢಿ. ಹೆಸರಿನ ಅರ್ಥವೇನೆಂದು ಕೇಳಿದರೆ ಅನೇಕರು, ಮಂಜೆಂದರೆ ಹಿಮ, ಹಿಮಗಿರಿಯ ಒಡೆಯನೇ ಮಂಜುನಾಥ ಎಂದು ಹೇಳುವರು. ಕೇಳಲು ಇಂಪಾದ ಮಾತು. ಆದರೆ ವ್ಯಾಕರಣವು ಇದನ್ನು ಸುಲಭವಾಗಿ ಒಪ್ಪದು. ಹಿಮವೆಂಬ ಅರ್ಥದ ಮಂಜು ಅಚ್ಚಗನ್ನಡದ ಪದ. ನಾಥ ಎಂಬುದು ಸಂಸ್ಕೃತ. ಇವೆರಡನ್ನೂ ಬೆಸೆದರೆ ಅರಿಸಮಾಸವಾಗುತ್ತದೆ. ಸಂಸ್ಕೃತದಲ್ಲಿಯೇ ಮಂಜು ಎಂಬ ಬೇರೊಂದು ಪದವಿದೆ. ಅಮರಕೋಶವು ಅದನ್ನು ಮನೋಜ್ಞ, ಮಂಜುಲಗಳೊಡನೆ ಸೇರಿಸಿದೆ. ಆದುದರಿಂದ ಮಂಜುನಾಥನೆಂದರೆ ಮನೋಹರನಾದ ಒಡೆಯನೆಂದು ತಿಳಿಯುವುದೇ ಯುಕ್ತ.

ಹೆಸರು ಬಂದುದೆಲ್ಲಿಂದ? ಹಿಂದೆ ಕುಡುಮವೆನಿಸಿದ್ದ ಈ ಊರಿಗೆ ಅಣ್ಣಪ್ಪನು ಮಂಗಳೂರಿನ ಕದ್ರಿಯಿಂದ ಲಿಂಗವನ್ನು ತಂದನೆಂದೂ, ಸೋದೆಯ ವಾದಿರಾಜ ಯತಿಗಳು ಅದನ್ನು ಪ್ರತಿಷ್ಠಿಸಿದರೆಂದೂ ಸ್ಥಳಪುರಾಣ ಹೇಳುತ್ತದೆ. ಕದ್ರಿಯ ದೇವರೂ ಮಂಜುನಾಥನೇ. ಅಲ್ಲಿ ಲೋಕೇಶ್ವರನ ಕಂಚಿನ ಭವ್ಯ ಪ್ರತಿಮೆಯೊಂದಿದೆ. ಅದನ್ನು ಆಳುಪ ದೊರೆ ಕುಂದವರ್ಮನು ಕದರಿಕಾ ವಿಹಾರದಲ್ಲಿ ಸ್ಥಾಪಿಸಿದನೆಂದು ಪೀಠದ ಶಾಸನದಲ್ಲಿದೆ. ಅದರ ಕಾಲವನ್ನು ಸಾಮಾನ್ಯವಾಗಿ ಕ್ರಿ.ಶ. 968 ಎಂದು ಎಣಿಸುವರು. ಲೋಕೇಶ್ವರನು ಬೌದ್ಧರ ಅವಲೋಕಿತೇಶ್ವರ. ಇದನ್ನು ಕಂಡು ಕೆಲವು ವಿದ್ವಾಂಸರು ಮಂಜುನಾಥನನ್ನು ಬೌದ್ಧರ ಮಂಜುಶ್ರೀ ಅಥವಾ ಮಂಜುಘೋಷನೊಡನೆ ಸಂಬಂಧಿಸಿದ್ದಾರೆ. ಮುಂದೆ ಕದ್ರಿಯಲ್ಲಿ ನೆಲೆಸಿದ ಜೋಗಿಗಳು ಮತ್ಸ್ಯೇಂದ್ರ, ಗೋರಕ್ಷರ ನಾಥಪಂಥದವರಾದುದರಿಂದ ‘ನಾಥ’ ಎಂಬ ಉತ್ತರಪದಕ್ಕೂ ಆಧಾರ ಸಿಕ್ಕಂತಾಗುತ್ತದೆ.

ಊಹೆ ಸೊಗಸಾದುದು, ಆದರೂ ಎಚ್ಚರ ಬೇಕು. ಲೋಕೇಶ್ವರನೇ ಮಂಜುಶ್ರೀಯಲ್ಲ, ಇಬ್ಬರೂ ಬೇರೆ ಬೇರೆ ಬೋಧಿಸತ್ವರು. ಶಾಸನವು ವಿಹಾರವಿದ್ದುದಕ್ಕೆ ಸಾಕ್ಷಿಯೇ ಹೊರತು ಹೆಸರಿನ ಹುಟ್ಟಿಗಲ್ಲ. ಅದು ಹೇಳುವ ಇನ್ನೊಂದು ಸಂಗತಿಯೇ ಹೆಚ್ಚು ಬೆಲೆಯುಳ್ಳದ್ದು: ಬೌದ್ಧ ಮೂರ್ತಿಯನ್ನು ನಿಲ್ಲಿಸಿದ ಕುಂದವರ್ಮನು ಅಲ್ಲಿಯೇ ತನ್ನನ್ನು ಶಿವಪಾದಕಮಲದ ಭ್ರಮರವೆಂದು ಬಣ್ಣಿಸಿಕೊಂಡಿದ್ದಾನೆ.

ಈ ಔದಾರ್ಯವು ಧರ್ಮಸ್ಥಳದಲ್ಲಿ ಇಂದಿಗೂ ಕಾಣುತ್ತದೆ. ದೇವರು ಶಿವ, ಅರ್ಚಕರು ಮಾಧ್ವ ವೈಷ್ಣವರು, ಧರ್ಮಾಧಿಕಾರಿಗಳು ಜೈನರು. 1955ರವರೆಗೆ ಆ ಪೀಠದಲ್ಲಿದ್ದ ಜೈನ ಹೆಗ್ಗಡೆಯವರ ಹೆಸರೇ ಮಂಜಯ್ಯ. ಕರ್ನಾಟಕದ ಗಾಂಧಿಯೆನಿಸಿದ ವೀರಶೈವ ಹರ್ಡೇಕರ ಮಂಜಪ್ಪನವರದೂ (1886–1947) ಇದೇ ಬಳಗದ ಹೆಸರು.

ಮೂಲವು ಒಂದೇ ಮತದ ಸೊತ್ತೆಂದು ಸಾಧಿಸಲು ಹೊರಟವನು ಈ ಹೆಸರಿನ ಚರಿತ್ರೆಯನ್ನೇ ಕಿರಿದುಮಾಡುವನು. ಹಲವರು ಕೂಗಿ ಕರೆದು ಸವೆಸಿದ ಹೆಸರಿದು; ಮಂಜುವೆಂಬ ಮಾತು ಅದಕ್ಕೆ ಒಪ್ಪುವುದೂ ಆ ಕಾರಣದಿಂದಲೇ.