ಹಳೆಯ ಹಾಲಿವುಡ್ ತಾರೆಯರ ಫೋಟೋ ಸಂಗ್ರಹ: ಮುಖಕ್ಕಿಂತ ಮೊದಲು ಬೆನ್ನು ನೋಡಿ

ಅಂಚೆಚೀಟಿ, ನಾಣ್ಯ ಕೂಡಿಡುವವರಂತೆ ಹಳೆಯ ಚಿತ್ರತಾರೆಯರ ಫೋಟೋ ಕೂಡಿಡುವವರೂ ಇದ್ದಾರೆ. ಅದರಲ್ಲೂ 1920ರಿಂದ 1950ರ ದಶಕದವರೆಗಿನ ಹಾಲಿವುಡ್ ತಾರೆಯರ ಕಪ್ಪು-ಬಿಳುಪು ಫೋಟೋಗಳಿಗೆ ಅನೇಕ ದೇಶಗಳಲ್ಲಿ ಬೇಡಿಕೆಯಿದೆ. ಗ್ರೇಟಾ ಗಾರ್ಬೊ, ಜೋನ್ ಕ್ರಾಫರ್ಡ್, ಕ್ಲಾರ್ಕ್ ಗೇಬಲ್, ಹಂಫ್ರಿ ಬೊಗಾರ್ಟ್ ಮುಂತಾದವರ ಫೋಟೋಗಳು ಹರಾಜಿನಲ್ಲೂ ಅಂತರಜಾಲದ ಅಂಗಡಿಗಳಲ್ಲೂ ಮಾರಾಟವಾಗುತ್ತವೆ.

ಈ ಫೋಟೋಗಳಲ್ಲಿ ಹೆಚ್ಚಿನವು ಮಾರಾಟಕ್ಕೆಂದು ತಯಾರಾದವಲ್ಲ. ಪತ್ರಿಕೆಗಳಿಗೆ, ಚಿತ್ರಮಂದಿರಗಳಿಗೆ, ಅಭಿಮಾನಿಗಳಿಗೆ ಪ್ರಚಾರಕ್ಕಾಗಿ ಹಂಚಿದವು. ಕೆಲಸ ಮುಗಿದ ಮೇಲೆ ಬಹಳಷ್ಟು ಕಸದ ಬುಟ್ಟಿ ಸೇರಿದವು. ಉಳಿದವು ಕಡಿಮೆ, ಆದ್ದರಿಂದಲೇ ನಕಲು ಹೆಚ್ಚು. 1932ರಲ್ಲಿ ತೆಗೆದ ಪ್ರಿಂಟೂ ಕಳೆದ ತಿಂಗಳು ತೆಗೆದ ಪ್ರಿಂಟೂ ಮುಂಬದಿಯಿಂದ ಒಂದೇ ತರಹ ಕಾಣಬಹುದು. ವ್ಯತ್ಯಾಸ ತಿಳಿಯಬೇಕಾದರೆ ಫೋಟೋ ತಿರುಗಿಸಿ ನೋಡಬೇಕು.

ಫೋಟೋಗಳು ತಯಾರಾದ ಬಗೆ

ಎಂಜಿಎಂ, ಪ್ಯಾರಾಮೌಂಟ್, ವಾರ್ನರ್ ಬ್ರದರ್ಸ್, ಆರ್‌ಕೆಓ ಮೊದಲಾದ ಸ್ಟುಡಿಯೋಗಳು ನಟನಟಿಯರನ್ನು ಕರಾರಿನ ಮೇಲೆ ಇಟ್ಟುಕೊಂಡಿದ್ದ ಕಾಲವದು. ಪ್ರತಿ ಸ್ಟುಡಿಯೋದಲ್ಲೂ ಸ್ಥಿರಚಿತ್ರ ವಿಭಾಗವಿತ್ತು. ಒಬ್ಬ ಛಾಯಾಗ್ರಾಹಕ ಚಿತ್ರೀಕರಣದ ಜಾಗದಲ್ಲಿ ದೃಶ್ಯಗಳ ಫೋಟೋ ತೆಗೆದರೆ, ಇನ್ನೊಬ್ಬರು ಪ್ರತ್ಯೇಕ ಕೋಣೆಯಲ್ಲಿ ತಾರೆಯರನ್ನು ಕೂರಿಸಿ ಭಾವಚಿತ್ರ ತೆಗೆಯುತ್ತಿದ್ದರು.

ಭಾವಚಿತ್ರಕ್ಕೆ ಬಳಸುತ್ತಿದ್ದುದು 8x10 ಅಂಗುಲದ ನೆಗೆಟಿವ್ ಇರುವ ದೊಡ್ಡ ಕ್ಯಾಮರಾ. ನೆಗೆಟಿವ್ ಅನ್ನು ನೇರವಾಗಿ ಕಾಗದದ ಮೇಲಿಟ್ಟು ಅದೇ ಅಳತೆಯ ಪ್ರಿಂಟ್ ತೆಗೆಯಬಹುದಾಗಿತ್ತು. ಆ ಫೋಟೋಗಳಲ್ಲಿ ರೆಪ್ಪೆಯ ಒಂದೊಂದು ಕೂದಲೂ ಸ್ಪಷ್ಟವಾಗಿ ಕಾಣುವುದು ಇದರಿಂದಲೇ. ಆದರೆ ಚರ್ಮದ ನುಣುಪು ಪೂರ್ತಿ ನಿಜವಲ್ಲ. ಸುಕ್ಕು, ಮಚ್ಚೆಗಳನ್ನು ನೆಗೆಟಿವ್ ಮೇಲೆಯೇ ಪೆನ್ಸಿಲ್‌ನಿಂದ ತಿದ್ದುತ್ತಿದ್ದರು.

ಈ ಕೆಲಸದಲ್ಲಿ ಹೆಸರಾದವರು ಜಾರ್ಜ್ ಹರೆಲ್ (1904-1992). 1930ರಲ್ಲಿ ಎಂಜಿಎಂ ಸೇರಿ, 1932ರಲ್ಲಿ ಹೊರಬಂದು ಸ್ವಂತ ಸ್ಟುಡಿಯೋ ತೆರೆದರು. ಅವರಿಗಿಂತ ಮೊದಲು 1925ರಿಂದ 1930ರವರೆಗೆ ಅಲ್ಲಿ ಭಾವಚಿತ್ರ ತೆಗೆಯುತ್ತಿದ್ದವರು ರೂತ್ ಹ್ಯಾರಿಯೆಟ್ ಲೂಯಿಸ್ ಎಂಬ ಮಹಿಳೆ. ಗಾರ್ಬೊ ಅವರ ಫೋಟೋಗಳಿಗೆ ಕ್ಲಾರೆನ್ಸ್ ಸಿಂಕ್ಲೇರ್ ಬುಲ್ ಪ್ರಸಿದ್ಧರು. ಪ್ಯಾರಾಮೌಂಟ್‌ನಲ್ಲಿ ಯೂಜೀನ್ ರಾಬರ್ಟ್ ರಿಚೀ, ಆರ್‌ಕೆಓದಲ್ಲಿ ಅರ್ನೆಸ್ಟ್ ಬಾಕ್ರಾಕ್ ಇದ್ದರು.

ಮುಖ್ಯ ವಿಧಗಳು

ಭಾವಚಿತ್ರ: ಸಂಗ್ರಹಕಾರರು ಹೆಚ್ಚು ಬಯಸುವುದು ಇದನ್ನೇ. ಛಾಯಾಗ್ರಾಹಕರ ಮುದ್ರೆ ಇದ್ದರೆ ಬೆಲೆ ಏರುತ್ತದೆ.

ದೃಶ್ಯದ ಫೋಟೋ: ಚಿತ್ರದ ಒಂದು ಸನ್ನಿವೇಶ. ಮೂಲೆಯಲ್ಲಿ ಚಿತ್ರದ ಸಂಖ್ಯೆ, ಫೋಟೋ ಸಂಖ್ಯೆ ಇರುವುದುಂಟು.

ಕೀ-ಬುಕ್ ಫೋಟೋ: ಸ್ಟುಡಿಯೋದ ಸ್ವಂತ ದಾಖಲೆಯ ಪ್ರತಿ. ಕಡತಕ್ಕೆ ಸೇರಿಸಲು ಅಂಚಿನಲ್ಲಿ ತೂತು ಹಾಕಿರುತ್ತಾರೆ, ಹಿಂದೆ ಬಟ್ಟೆ ಅಂಟಿಸಿರುವುದೂ ಉಂಟು. ತೂತು ಇದೆಯೆಂದು ಇದನ್ನು ತಿರಸ್ಕರಿಸಬಾರದು.

ಪತ್ರಿಕಾ ಫೋಟೋ: ಪತ್ರಿಕಾ ಕಚೇರಿಗಳ ಸಂಗ್ರಹದಿಂದ ಬಂದದ್ದು. ಮುಂಬದಿಯಲ್ಲಿ ಕತ್ತರಿಸಬೇಕಾದ ಗೆರೆ, ಬಣ್ಣದ ತಿದ್ದುಪಡಿ, ಹಿಂಬದಿಯಲ್ಲಿ ದಿನಾಂಕದ ಮುದ್ರೆ, ಅಚ್ಚಾದ ಸುದ್ದಿಯ ತುಣುಕು ಇರುತ್ತವೆ.

ತಂತಿ ಫೋಟೋ: ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆ 1935ರ ಜನವರಿ 1ರಂದು ತಂತಿಯ ಮೂಲಕ ಫೋಟೋ ಕಳಿಸುವ ಸೇವೆ ಆರಂಭಿಸಿತು. ಇವುಗಳಲ್ಲಿ ಸಣ್ಣ ಅಡ್ಡಗೆರೆಗಳು ಕಾಣುತ್ತವೆ.

ಲಾಬಿ ಕಾರ್ಡ್: ಚಿತ್ರಮಂದಿರದ ಒಳಾಂಗಣದಲ್ಲಿ ಹಾಕುತ್ತಿದ್ದ 11x14 ಅಂಗುಲದ ಕಾರ್ಡ್. ಸಾಮಾನ್ಯವಾಗಿ ಎಂಟರ ಕಟ್ಟು. ಇದು ಅಚ್ಚಾದ ಚಿತ್ರ, ಫೋಟೋ ಅಲ್ಲ.

ಬೆನ್ನು ಓದುವುದು ಹೇಗೆ?

ಮೊದಲು ರಬ್ಬರ್ ಸ್ಟಾಂಪ್, ಕೈಬರಹ, ಅಂಟಿಸಿದ ಚೀಟಿ ಇವೆಯೇ ನೋಡಿ. ಸ್ಟುಡಿಯೋದ ಪ್ರಚಾರ ವಿಭಾಗ ತಾರೆಯ ಹೆಸರು, ಚಿತ್ರದ ಹೆಸರು, ನಾಲ್ಕು ಮಾತುಗಳ ವಿವರ ಇರುವ ಚೀಟಿ ಅಂಟಿಸಿ ಕಳಿಸುತ್ತಿತ್ತು. ಆ ಚೀಟಿ ಉಳಿದಿದ್ದರೆ ಫೋಟೋದ ಕಾಲ ಗೊತ್ತುಮಾಡಲು ಸುಲಭ.

ನಂತರ ಕಾಗದ. ಹಳೆಯ ಫೋಟೋಗಳು ನಾರಿನ ಕಾಗದದ ಮೇಲೆ ಇರುತ್ತವೆ. ಪ್ಲಾಸ್ಟಿಕ್ ಲೇಪವಿರುವ ಫೋಟೋ ಕಾಗದ ವ್ಯಾಪಕವಾಗಿ ಬಳಕೆಗೆ ಬಂದದ್ದು 1970ರ ದಶಕದಲ್ಲಿ. ಹಿಂಬದಿ ಪ್ಲಾಸ್ಟಿಕ್‌ನಂತೆ ನುಣುಪಾಗಿದ್ದರೆ ಅದು 1930ರ ಪ್ರಿಂಟ್ ಆಗಲು ಸಾಧ್ಯವಿಲ್ಲ.

ಮೂರನೆಯದು, ನೋಟು ಪರೀಕ್ಷಿಸುವ ನೇರಳೆ ದೀಪ. 1950ರ ದಶಕದ ಆರಂಭದಿಂದ ಫೋಟೋ ಕಾಗದಕ್ಕೆ ಬಿಳುಪು ಹೆಚ್ಚಿಸುವ ರಾಸಾಯನಿಕ ಸೇರಿಸತೊಡಗಿದರು. ಕತ್ತಲಲ್ಲಿ ಈ ದೀಪ ಹಿಡಿದಾಗ ಕಾಗದ ನೀಲಿ ಬಿಳುಪಾಗಿ ಹೊಳೆದರೆ ಅದು ಅದಕ್ಕಿಂತ ಹಿಂದಿನದಲ್ಲ. ಹೊಳೆಯದಿದ್ದ ಮಾತ್ರಕ್ಕೆ ಹಳೆಯದೆಂದು ತೀರ್ಮಾನಿಸಬೇಡಿ. ಆ ರಾಸಾಯನಿಕ ಇಲ್ಲದ ಕಾಗದ ನಂತರವೂ ಬಳಕೆಯಲ್ಲಿತ್ತು.

ನಾಲ್ಕನೆಯದು ಭೂತಗನ್ನಡಿ. ಸಾಲುಸಾಲು ಚುಕ್ಕಿಗಳು ಕಂಡರೆ ಅದು ಅಚ್ಚುಯಂತ್ರದ ಕೆಲಸ. ಇನ್ನು ಹಳೆಯ ಪ್ರಿಂಟನ್ನು ಓರೆಯಾಗಿ ಹಿಡಿದರೆ ಕಪ್ಪು ಭಾಗಗಳಲ್ಲಿ ಕನ್ನಡಿಯಂತಹ ಬೆಳ್ಳಿ ಹೊಳಪು ಕಾಣಬಹುದು. ಫೋಟೋದಲ್ಲಿರುವ ಬೆಳ್ಳಿ ಮೇಲಕ್ಕೆ ಬಂದುದರ ಗುರುತು ಅದು.

ನಾಲ್ಕು ದರ್ಜೆಗಳು

ಹರಾಜಿನವರು ಬಳಸುವ ಒಂದು ವಿಂಗಡಣೆ ಇದೆ. ಮೂಲ ನೆಗೆಟಿವ್‌ನಿಂದ, ಫೋಟೋ ತೆಗೆದ ಸುಮಾರು ಎರಡು ವರ್ಷದೊಳಗೆ ಮಾಡಿದ ಪ್ರಿಂಟ್ ಮೊದಲ ದರ್ಜೆ. ಮೂಲ ನೆಗೆಟಿವ್‌ನಿಂದಲೇ, ಆದರೆ ತಡವಾಗಿ ಮಾಡಿದ್ದು ಎರಡನೆಯದು. ನಕಲು ನೆಗೆಟಿವ್‌ನಿಂದ ಅಥವಾ ತಂತಿಯ ಮೂಲಕ ಆ ಕಾಲದಲ್ಲೇ ಬಂದದ್ದು ಮೂರನೆಯದು. ನಕಲಿನಿಂದ ತಡವಾಗಿ ಮಾಡಿದ್ದು ನಾಲ್ಕನೆಯದು. ಹರೆಲ್ ತಮ್ಮ ಇಳಿವಯಸ್ಸಿನಲ್ಲಿ ಹಳೆಯ ನೆಗೆಟಿವ್‌ಗಳಿಂದ ಹೊಸ ಪ್ರಿಂಟ್ ಮಾಡಿ ಸಹಿ ಹಾಕಿದ್ದುಂಟು. ಅವು ಮೋಸವಲ್ಲ, ಆದರೆ 1930ರ ಪ್ರಿಂಟುಗಳೂ ಅಲ್ಲ. ಮಾರುವವರು ಯಾವ ದರ್ಜೆ ಎಂದು ಬಾಯಿಬಿಟ್ಟು ಹೇಳದಿದ್ದರೆ ನೀವೇ ಕೇಳಬೇಕು.

ಸಹಿಯ ವಿಚಾರದಲ್ಲಿ ಇನ್ನೂ ಎಚ್ಚರ ಬೇಕು. ರಾಶಿರಾಶಿಯಾಗಿ ಬರುತ್ತಿದ್ದ ಅಭಿಮಾನಿಗಳ ಪತ್ರಗಳಿಗೆ ಕಾರ್ಯದರ್ಶಿಗಳೇ ತಾರೆಯರ ಹೆಸರಲ್ಲಿ ಸಹಿ ಹಾಕಿ ಫೋಟೋ ಕಳಿಸುತ್ತಿದ್ದರು. 1937ರಲ್ಲಿ ತೀರಿಕೊಂಡ ಜೀನ್ ಹಾರ್ಲೋ ಅವರ ಎಷ್ಟೋ ಫೋಟೋಗಳ ಮೇಲಿನ ಸಹಿ ಅವರ ತಾಯಿಯದು. ಫೋಟೋ ಹಳೆಯದೇ, ಕಾಲವೂ ಸರಿಯೇ, ಕೈ ಮಾತ್ರ ಬೇರೆ.

ಚೀಟಿಯ ಮಾತೂ ಪ್ರಚಾರವೇ

ಹಿಂಬದಿಯ ಚೀಟಿ ಫೋಟೋದ ಕಾಲ ತಿಳಿಸುತ್ತದೆ. ಆದರೆ ಅದರಲ್ಲಿ ಬರೆದದ್ದೆಲ್ಲ ನಿಜವಲ್ಲ. ಮರ್ಲ್ ಒಬೆರಾನ್ 1911ರಲ್ಲಿ ಮುಂಬೈಯಲ್ಲಿ ಹುಟ್ಟಿ ಕೋಲ್ಕತ್ತಾದಲ್ಲಿ ಬೆಳೆದವರು. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಹುಟ್ಟಿದವರೆಂದು ಅವರ ಬಗ್ಗೆ ಪ್ರಚಾರ ಮಾಡಲಾಗಿತ್ತು. ಭಾರತದ ಮೂಲ ಗೊತ್ತಾದರೆ ನಾಯಕಿಯ ಪಾತ್ರ ಸಿಗದಂತಹ ಕಾಲವದು. 1979ರಲ್ಲಿ ತೀರಿಕೊಳ್ಳುವವರೆಗೂ ಅವರು ಈ ಗುಟ್ಟು ಕಾಯ್ದುಕೊಂಡರು. ಸುಳ್ಳು ಬರೆದ ಚೀಟಿಯೂ ಒಂದು ದಾಖಲೆಯೇ. ಅದನ್ನು ಕಿತ್ತೆಸೆಯಬಾರದು.

ಕಾರಾಪುರದ ಸಾಬು

ನಮ್ಮ ಕಡೆಯ ಸಂಗ್ರಹಕಾರರು ಎಲ್ಲಿಂದ ಆರಂಭಿಸಬಹುದು ಎಂದು ಕೇಳಿದರೆ ಸಾಬು ಅವರ ಹೆಸರು ಹೇಳಬಹುದು. ವಯನಾಡಿಗೆ ತಾಗಿರುವ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಇವರು. ರಾಬರ್ಟ್ ಫ್ಲಾಹರ್ಟಿ ಅವರ ತಂಡ ಮೈಸೂರು ಸೀಮೆಗೆ ಚಿತ್ರೀಕರಣಕ್ಕೆ ಬಂದಾಗ ಆರಿಸಿಕೊಂಡ ಈ ಹುಡುಗ 'ಎಲಿಫೆಂಟ್ ಬಾಯ್' (1937) ಚಿತ್ರದಿಂದ ಹೆಸರಾದರು. 'ದಿ ಥೀಫ್ ಆಫ್ ಬಾಗ್ದಾದ್' (1940), 'ಜಂಗಲ್ ಬುಕ್' (1942) ಚಿತ್ರಗಳ ನಂತರ ಯೂನಿವರ್ಸಲ್ ಸ್ಟುಡಿಯೋಗೆ ನಟಿಸಿದರು. 1944ರಲ್ಲಿ ಅಮೆರಿಕದ ಪ್ರಜೆಯಾಗಿ, ಯುದ್ಧವಿಮಾನದಲ್ಲಿ ಬಂದೂಕುಗಾರನಾಗಿ ದುಡಿದು, 1963ರ ಡಿಸೆಂಬರ್ 2ರಂದು 39ನೇ ವಯಸ್ಸಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು.

ಸಂಗ್ರಹಕಾರರಿಗೆ ಇವರ ಫೋಟೋಗಳು ಒಳ್ಳೆಯ ಪಾಠ. ಮೊದಲ ಚಿತ್ರಗಳು ಅಲೆಕ್ಸಾಂಡರ್ ಕೊರ್ಡಾ ಅವರ ಲಂಡನ್ ಕಂಪನಿಯವು, 'ಅರೇಬಿಯನ್ ನೈಟ್ಸ್' (1942), 'ಕೋಬ್ರಾ ವುಮನ್' (1944) ಮೊದಲಾದವು ಹಾಲಿವುಡ್ಡಿನವು. ಚಿತ್ರ ಯಾವುದೆಂದು ಗುರುತಿಸಿ, ಬೆನ್ನಿನ ಮುದ್ರೆ ಅದಕ್ಕೆ ಹೊಂದುತ್ತದೆಯೇ ಎಂದು ತಾಳೆ ನೋಡುವುದನ್ನು ಇಲ್ಲಿಂದಲೇ ಕಲಿಯಬಹುದು.

ಕಾಪಾಡುವುದು ಹೇಗೆ?

ಫೋಟೋವನ್ನು ಅಂಚಿನಲ್ಲಿ ಹಿಡಿಯಿರಿ. ಲ್ಯಾಮಿನೇಷನ್ ಮಾಡಿಸಬೇಡಿ, ಸೆಲ್ಲೋ ಟೇಪ್ ಹಚ್ಚಬೇಡಿ. ಹಿಂದೆ ಬರೆಯಲೇಬೇಕಾದರೆ ಮೆದು ಪೆನ್ಸಿಲ್ ಸಾಕು, ಬಾಲ್ ಪೆನ್ ಬೇಡ. ಅಂಟು ಹಾಳೆಯ ಆಲ್ಬಮ್‌ಗಳೂ ಪಿವಿಸಿ ಚೀಲಗಳೂ ಫೋಟೋವನ್ನು ಕೆಡಿಸುತ್ತವೆ. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಲಕೋಟೆ, ಆಮ್ಲರಹಿತ ಕಾಗದದ ಪೆಟ್ಟಿಗೆ ಒಳ್ಳೆಯದು. ಮಳೆಗಾಲದಲ್ಲಿ ತೇವದ ಗೋಡೆಗೆ ತಾಗಿಸಿ ಇಡಬೇಡಿ. ಬೂಷ್ಟು ಹಿಡಿಯುತ್ತದೆ, ಫೋಟೋ ಮೇಲಿನ ಜೆಲಾಟಿನ್ ಪದರವನ್ನು ಹುಳುಗಳು ತಿನ್ನುತ್ತವೆ. ಮೂಲ ಫೋಟೋ ಪೆಟ್ಟಿಗೆಯಲ್ಲಿರಲಿ, ಗೋಡೆಗೆ ಸ್ಕ್ಯಾನ್ ಮಾಡಿದ ಪ್ರತಿ ಹಾಕಿ. ಸ್ಕ್ಯಾನ್ ಮಾಡುವಾಗ ಬೆನ್ನನ್ನೂ ಮಾಡಿ.

ಪ್ರಿಂಟ್ ಕೊಂಡವರಿಗೆ ಅದರ ಹಕ್ಕುಸ್ವಾಮ್ಯ ಸಿಗುವುದಿಲ್ಲ ಎಂಬುದೂ ನೆನಪಿರಲಿ. ಮನೆಯಲ್ಲಿ ಇಟ್ಟುಕೊಳ್ಳಲು ತೊಂದರೆಯಿಲ್ಲ. ಪುಸ್ತಕದಲ್ಲೋ ಜಾಹೀರಾತಿನಲ್ಲೋ ಬಳಸುವ ಮುನ್ನ ವಿಚಾರಿಸಬೇಕು.

ಉಳಿಸಿದವರು

ಆಸ್ಟ್ರಿಯಾದಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ಜಾನ್ ಕೋಬಲ್ (1940-1991) ಇಂತಹ ಫೋಟೋಗಳನ್ನು ಯಾರೂ ಲೆಕ್ಕಕ್ಕಿಡದ ಕಾಲದಲ್ಲಿ ಕೂಡಿಹಾಕಿದವರು. ಹರೆಲ್, ಬುಲ್ ಮುಂತಾದ ವಯಸ್ಸಾದ ಛಾಯಾಗ್ರಾಹಕರನ್ನು ಹುಡುಕಿ ಮಾತನಾಡಿಸಿ, ಪ್ರದರ್ಶನ ಏರ್ಪಡಿಸಿ, ಪುಸ್ತಕ ಬರೆದರು. ಇಂದು ಅಮೆರಿಕದ ಬೆವರ್ಲಿ ಹಿಲ್ಸ್‌ನಲ್ಲಿರುವ ಮಾರ್ಗರೆಟ್ ಹೆರಿಕ್ ಗ್ರಂಥಾಲಯದಲ್ಲಿ ಒಂದು ಕೋಟಿಗೂ ಹೆಚ್ಚು ಚಲನಚಿತ್ರ ಫೋಟೋಗಳಿವೆ.

ತಾರೆಯ ಹೆಸರು ಎಲ್ಲರಿಗೂ ಗೊತ್ತು. ಫೋಟೋ ತೆಗೆದವರು ಯಾರು, ಯಾವ ವರ್ಷ, ಯಾರ ಕಚೇರಿಯ ಮೂಲಕ ಬಂತು ಎಂಬುದು ಮಾತ್ರ ಹಿಂಬದಿಯ ಮಸಿಯಲ್ಲಿ ಉಳಿದಿರುತ್ತದೆ. ಅದು ಅಳಿಸಿಹೋದರೆ ಮತ್ತೆ ಬರೆಯುವವರಿಲ್ಲ. ಕೊಳ್ಳುವ ಮುನ್ನ ಅದನ್ನು ಓದಿ, ಕೊಂಡ ಮೇಲೆ ಅದನ್ನು ಉಳಿಸಿ.